ಎರಡು ತಲೆಯ ಹಕ್ಕಿಯೂ ‘ಡಬಲ್ ಈಗಲ್’ ಲೆಕ್ಕವೂ

ಗಾವಡಗೆರೆಯಿಂದ ಹುಣಸೂರಿಗೆ ಸರ್ಕಾರಿ ಬಸ್ಸು ಹತ್ತುವ ಹುಡುಗ ಹುಡುಗಿಯರಿಗೆ ಎರಡು ತಲೆಯ ಹಕ್ಕಿ ಹೊಸದಲ್ಲ. ಸಾರಿಗೆ ಸಂಸ್ಥೆಯ ಗುರುತಿನಲ್ಲೂ ರಾಜ್ಯ ಸರ್ಕಾರದ ಮುದ್ರೆಯಲ್ಲೂ ಇರುವ ಈ ಗಂಡಭೇರುಂಡ ಮೈಸೂರು ಅರಸರ ಲಾಂಛನ. ಅದಕ್ಕೂ ಹಿಂದೆ ವಿಜಯನಗರದ ಅಚ್ಯುತರಾಯನ (1529–1542) ಚಿನ್ನದ ನಾಣ್ಯಗಳಲ್ಲಿ ಅದು ಕೊಕ್ಕು, ಕಾಲುಗಳಲ್ಲಿ ಆನೆಗಳನ್ನೇ ಹಿಡಿದು ನಿಂತಿತ್ತು.

ಹೀಗಿರುವಾಗ ‘ಡಬಲ್ ಈಗಲ್’ ಎಂಬ ನಾಣ್ಯದ ಹೆಸರು ಓದಿದ ವಿದ್ಯಾರ್ಥಿ, ಅದೂ ಎರಡು ತಲೆಯ ಹದ್ದಿನ ನಾಣ್ಯವೇ ಇರಬೇಕೆಂದು ಊಹಿಸುವುದು ಸಹಜ. ಆದರೆ ಊಹೆ ತಪ್ಪು!

ಅಮೆರಿಕದಲ್ಲಿ 1792ರ ಕಾಯಿದೆಯಂತೆ 10 ಡಾಲರಿನ ಚಿನ್ನದ ನಾಣ್ಯಕ್ಕೆ ‘ಈಗಲ್’ ಎಂದು ಹೆಸರು. ಕ್ಯಾಲಿಫೋರ್ನಿಯಾದಲ್ಲಿ 1848ರಲ್ಲಿ ಹೇರಳ ಚಿನ್ನ ಸಿಕ್ಕಿತು. ಆಮೇಲೆ 20 ಡಾಲರಿನ ನಾಣ್ಯ ಬಂತು. ಹತ್ತರ ಎರಡರಷ್ಟು ಇಪ್ಪತ್ತು. ಆದ್ದರಿಂದ ಅದು ‘ಡಬಲ್ ಈಗಲ್’. ತೂಕ ಸುಮಾರು 33.4 ಗ್ರಾಂ, ಹತ್ತರಲ್ಲಿ ಒಂಬತ್ತು ಪಾಲು ಚಿನ್ನ. 1933ರಲ್ಲಿ ಅಮೆರಿಕ ಚಿನ್ನದ ನಾಣ್ಯಗಳ ಚಲಾವಣೆ ನಿಲ್ಲಿಸಿತು. ಆ ವರ್ಷ ಟಂಕಿಸಿದ 4,45,500 ಡಬಲ್ ಈಗಲ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕರಗಿಸಲಾಯಿತು. ಉಳಿದುಕೊಂಡ ಒಂದು ನಾಣ್ಯ 2021ರ ಹರಾಜಿನಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಮಾರಾಟವಾಯಿತು!

ಗಾಲ್ಫ್ ಆಟದಲ್ಲಿ ಇದೇ ಹೆಸರಿಗೆ ಬೇರೆಯೇ ಅರ್ಥ. ಚೆಂಡನ್ನು ಗುಳಿಗೆ ಸೇರಿಸಲು ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳ ಸಂಖ್ಯೆಯೇ ‘ಪಾರ್’. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್. ಹಾಗಾದರೆ ಡಬಲ್ ಈಗಲ್ ಎಂದರೆ ನಾಲ್ಕು ಕಡಿಮೆಯೇ? ಅಲ್ಲ, ಮೂರು! ನಾಲ್ಕು ಕಡಿಮೆಯಾದರೆ ಅದು ‘ಕಾಂಡೋರ್’. ನಾಣ್ಯದಲ್ಲಿ ಸರಿಯಾಗಿ ಎರಡರಷ್ಟಾದ ‘ಡಬಲ್’, ಗಾಲ್ಫಿನಲ್ಲಿ ಗಣಿತಕ್ಕೆ ಬಗ್ಗುವುದಿಲ್ಲ. ಬಹಳ ದೇಶಗಳಲ್ಲಿ ಈ ಮೂರಕ್ಕೆ ‘ಆಲ್ಬಟ್ರಾಸ್’ ಎಂಬ ಹೆಸರೇ ರೂಢಿ.

ಇದು ಬಲು ಅಪರೂಪ. ಈಗ ‘ಮಾಸ್ಟರ್ಸ್’ ಎಂದು ಹೆಸರಾದ ಪಂದ್ಯದಲ್ಲಿ 1935ರಲ್ಲಿ ಜೀನ್ ಸರಾಜೆನ್ ಮೂರು ಹೊಡೆತ ಹಿಂದಿದ್ದರು. ಪಾರ್ 5ರ ಹದಿನೈದನೇ ಗುಳಿಯನ್ನು ಎರಡೇ ಹೊಡೆತಗಳಲ್ಲಿ ಮುಗಿಸಿ ಎದುರಾಳಿಯ ಸಮಕ್ಕೆ ಬಂದರು, ಮರುದಿನ ಗೆದ್ದರು.

ಒಂದೊಂದು ಹೊಡೆತದ ಬೆಲೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್‌ಗೂ ಗೊತ್ತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಾರ್‌ಗಿಂತ 15 ಹೊಡೆತ ಕಡಿಮೆ ಆಡಿಯೂ ಅವರಿಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಕಂಚಿಗೂ ಅವರಿಗೂ ಇದ್ದ ಅಂತರ ಒಂದೇ ಹೊಡೆತ.

ನಿಘಂಟು ಪದದ ಅರ್ಥಗಳನ್ನೆಲ್ಲ ಸಾಲಾಗಿ ಕೊಡುತ್ತದೆ. ಯಾವುದು ಎಲ್ಲಿಗೆ ಹೊಂದುತ್ತದೆ ಎಂಬುದನ್ನು ಹೇಳುವುದು ಮಾತ್ರ ಪದದ ಅಕ್ಕಪಕ್ಕದ ವಾಕ್ಯ. ಪರೀಕ್ಷೆಯಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಎಷ್ಟೋ ಸಲ ಆ ವಾಕ್ಯವನ್ನು ಅವಸರದಲ್ಲಿ ದಾಟಿಬಿಡುವುದರಿಂದಲೇ.