ವ್ಯಭಿಚಾರಕ್ಕೆ ಸಾಕ್ಷಿ ಯಾರು?

ವ್ಯಭಿಚಾರವನ್ನು ಮತ್ತೆ ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ವಿವಾಹ ಸಂಸ್ಥೆ ಪವಿತ್ರವಾದುದು, ಅದನ್ನು ರಕ್ಷಿಸಬೇಕು ಎಂಬ ಕಾರಣ ನೀಡಿ 2023ರ ನವೆಂಬರಿನಲ್ಲಿ ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿಯೂ ಇದನ್ನೇ ಶಿಫಾರಸು ಮಾಡಿತ್ತು. ಶಿಕ್ಷೆ ಸ್ತ್ರೀ-ಪುರುಷರಿಬ್ಬರಿಗೂ ಸಮಾನವಾಗಿರಲಿ ಎಂದಿತ್ತು. ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಅಪರಾಧಕ್ಕೆ ಸ್ಥಾನ ದೊರೆಯಲಿಲ್ಲ. ನೀತಿ-ಅನೀತಿಯ ಚರ್ಚೆ ಹಾಗಿರಲಿ. ಇಂಥ ಆರೋಪವನ್ನು ರುಜುವಾತುಪಡಿಸುವುದು ಹೇಗೆ, ಅದಕ್ಕೆ ಬೆಲೆ ತೆರುವವರು ಯಾರು ಎಂಬುದನ್ನು ಮೊದಲು ಯೋಚಿಸಬೇಕು.

1860ರ ದಂಡ ಸಂಹಿತೆಯ 497ನೇ ಕಲಂ ಐದು ವರ್ಷಗಳವರೆಗಿನ ಕಾರಾಗೃಹ ವಾಸಕ್ಕೆ ಅವಕಾಶ ನೀಡಿತ್ತು. ಶಿಕ್ಷೆ ಪುರುಷನಿಗೆ ಮಾತ್ರ. ದೂರುವ ಹಕ್ಕು ಮುಖ್ಯವಾಗಿ ಆ ವಿವಾಹಿತೆಯ ಗಂಡನದು. ತನ್ನ ಗಂಡ ದಾರಿ ತಪ್ಪಿದನೆಂದು ಹೆಂಡತಿ ದೂರುವಂತಿರಲಿಲ್ಲ. ಗಂಡನ ಸಮ್ಮತಿಯಿದ್ದರಂತೂ ಅಪರಾಧವೇ ಇಲ್ಲ! ಹೆಂಡತಿಯನ್ನು ಸೊತ್ತೆಂದು ಬಗೆದ ಈ ಕಲಮನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಜೋಸೆಫ್ ಶೈನ್ ಪ್ರಕರಣದಲ್ಲಿ, 2018ರ ಸೆಪ್ಟೆಂಬರ್ 27ರಂದು, ಒಮ್ಮತದಿಂದ ರದ್ದುಪಡಿಸಿತು.

ಆ ಕಲಂ ಇದ್ದಾಗಲೂ ಅಪರಾಧ ಸಾಬೀತು ಸುಲಭವಾಗಿರಲಿಲ್ಲ. ಮೊದಲು ವಿವಾಹವನ್ನು ಕಟ್ಟುನಿಟ್ಟಾಗಿ ರುಜುವಾತುಪಡಿಸಬೇಕಿತ್ತು. ಅವರು ಗಂಡ-ಹೆಂಡತಿಯೆಂದೇ ತಾವು ಬಲ್ಲೆವೆಂದು ಬಂಧುಗಳು ಹೇಳಿದರೆ ಸಾಲದೆಂದು 1872ರ ಸಾಕ್ಷ್ಯ ಅಧಿನಿಯಮದ 50ನೇ ಕಲಂ ಸ್ಪಷ್ಟಪಡಿಸಿತ್ತು. ಆಕೆ ಪರಪತ್ನಿಯೆಂಬುದು ಆರೋಪಿಗೆ ತಿಳಿದಿತ್ತು, ಇಲ್ಲವೆ ಹಾಗೆ ನಂಬಲು ಅವನಿಗೆ ಕಾರಣವಿತ್ತು ಎಂಬುದನ್ನು ತೋರಿಸಬೇಕಿತ್ತು. ಕೊನೆಗೆ ದೈಹಿಕ ಸಂಬಂಧ ನಡೆದುದನ್ನು ಸಂಶಯಾತೀತವಾಗಿ ಸ್ಥಾಪಿಸಬೇಕಿತ್ತು. ಇದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಎಲ್ಲಿ ಸಿಕ್ಕಾನು? ಪತ್ರ, ವಸತಿಗೃಹದ ದಾಖಲೆ, ನೆರೆಯವರ ಹೇಳಿಕೆ ಮುಂತಾದ ಸಾಂದರ್ಭಿಕ ಸಾಕ್ಷ್ಯವೇ ಗತಿ. ಅವಕಾಶವಿದ್ದ ಮಾತ್ರಕ್ಕೆ ಕೃತ್ಯ ನಡೆಯಿತೆಂದು ಹೇಳಲಾಗದು.

ಸೇವೆಯಲ್ಲಿದ್ದಾಗ ನೌಕರರ ‘ಅನುಚಿತ ವರ್ತನೆ’ ಕುರಿತ ಇಲಾಖಾ ವಿಚಾರಣೆಯ ಕಡತಗಳನ್ನು ನಾನು ಓದಿದ್ದೇನೆ. ರಾತ್ರಿ ಮನೆಯ ಮುಂದೆ ಸ್ಕೂಟರ್ ನಿಂತಿತ್ತು ಎನ್ನುವಲ್ಲಿಗೆ ಸಾಕ್ಷಿಗಳ ಅರಿವು ಮುಗಿಯುತ್ತಿತ್ತು, ಉಳಿದುದು ಊಹೆ. ಅಷ್ಟರಲ್ಲಿ ಆ ಹೆಣ್ಣುಮಗಳ ಹೆಸರು ಕಚೇರಿಯ ಪ್ರತಿ ಮೇಜನ್ನೂ ದಾಟಿಬಂದಿರುತ್ತಿತ್ತು. 497ನೇ ಕಲಮಿನ ಮೊಕದ್ದಮೆಯಲ್ಲೂ ಅಷ್ಟೆ: ಆರೋಪಿ ಪುರುಷ, ಹರಾಜಾಗುತ್ತಿದ್ದುದು ಹೆಣ್ಣಿನ ಮಾನ.

ಈಗ ಮೊಬೈಲ್ ಇದೆಯಲ್ಲ ಎನ್ನುವವರಿದ್ದಾರೆ. ವೈವಾಹಿಕ ವ್ಯಾಜ್ಯವೊಂದರಲ್ಲಿ ಪತ್ನಿಯ ಪ್ರಿಯಕರನೆನ್ನಲಾದ ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರಗಳನ್ನು ತರಿಸುವುದು ಅವನ ಖಾಸಗಿತನದ ಉಲ್ಲಂಘನೆಯೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿತು. ವ್ಯಭಿಚಾರ ಮತ್ತೆ ಅಪರಾಧವಾದರೆ ಅಂಥ ವಿವರಗಳನ್ನು ತನಿಖೆಯ ಹೆಸರಿನಲ್ಲಿ ಕೇಳುವ ದಾರಿ ತೆರೆದುಕೊಳ್ಳುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇನ್ನೊಂದು ಅಪಾಯವೂ ಕಾಣುತ್ತದೆ. ಶಿಕ್ಷೆಯ ಸಂಭವ ಕಡಿಮೆ, ದೂರಿನಿಂದಾಗುವ ನಷ್ಟ ಮಾತ್ರ ಖಚಿತ ಎಂದಾದರೆ, ಕಾನೂನು ಜೀವನಾಂಶ ಮತ್ತು ಮಕ್ಕಳ ಸುಪರ್ದಿಯ ಚೌಕಾಸಿಗೆ ಆಯುಧವಾಗುತ್ತದೆ.

ಹಾಗಾದರೆ ವಂಚಿತರಾದವರಿಗೆ ಪರಿಹಾರವಿಲ್ಲವೇ? ಇದೆ. ವ್ಯಭಿಚಾರ ವಿಚ್ಛೇದನಕ್ಕೆ ಕಾರಣವಾಗಿ ಇಂದಿಗೂ ಉಳಿದಿದೆ. 1976ರ ತಿದ್ದುಪಡಿಯ ಬಳಿಕ ಹಿಂದೂ ವಿವಾಹ ಅಧಿನಿಯಮದಡಿ ಒಂದೇ ಕೃತ್ಯ ಸಾಬೀತಾದರೂ ಸಾಕು. ವೈವಾಹಿಕ ವ್ಯಾಜ್ಯಗಳಲ್ಲಿ ಸಂಶಯಾತೀತ ಪುರಾವೆ ಬೇಕಿಲ್ಲ, ಸಂಭವನೀಯತೆಯ ಪ್ರಾಬಲ್ಯ ಸಾಕೆಂದು ಸುಪ್ರೀಂ ಕೋರ್ಟ್ 1975ರಲ್ಲಿಯೇ ಹೇಳಿದೆ. ನೊಂದವರನ್ನು ಕಾಡುತ್ತಿರುವುದು ವಿಳಂಬ. ಕುಟುಂಬ ನ್ಯಾಯಾಲಯಗಳಿಗೆ ಹೆಚ್ಚು ನ್ಯಾಯಾಧೀಶರನ್ನೂ ನುರಿತ ಆಪ್ತಸಮಾಲೋಚಕರನ್ನೂ ಒದಗಿಸಿದರೆ ಅವರ ಅರ್ಧ ಸಂಕಟ ನೀಗೀತು. ಮುರಿದ ನಂಬಿಕೆಯನ್ನು ಜೈಲು ಬೆಸೆಯಲಾರದು. ಮಲಗುವ ಕೋಣೆಯ ಬಾಗಿಲಿಗೆ ಪೊಲೀಸರನ್ನು ಕಳಿಸುವ ಅಧಿಕಾರವನ್ನು ಸರ್ಕಾರಕ್ಕೆ ಮರಳಿ ಕೊಡುವುದು ವಿವೇಕವಲ್ಲ.