ಕೇಮನ್ ದ್ವೀಪದ ಉದ್ಯೋಗ ರಹದಾರಿ

ಕ್ಯೂಬಾ ದೇಶದ ದಕ್ಷಿಣಕ್ಕೆ, ಜಮೈಕಾದ ವಾಯವ್ಯಕ್ಕೆ, ಕೆರಿಬಿಯನ್ ಸಮುದ್ರದ ನಡುವೆ ಕೇಮನ್ ಎಂಬ ಮೂರು ದ್ವೀಪಗಳಿವೆ. ಭೂಪಟದಲ್ಲಿ ಸಾಸಿವೆಯ ಕಾಳಿನಷ್ಟೂ ತೋರದ ಈ ಬ್ರಿಟಿಷ್ ಅಧೀನದ ನಾಡು ನಮ್ಮ ಕಡೆಯ ಮನೆಗಳಲ್ಲಿ ಮಾತಿಗೆ ಬರುವುದಕ್ಕೆ ಕಾರಣವುಂಟು. ಕಿನ್ನಿಗೋಳಿಯಲ್ಲಿ ಜನಿಸಿ, ಬೆಂಗಳೂರಿನಲ್ಲಿ ನಾರಾಯಣ ಹೃದಯಾಲಯವನ್ನು ಸ್ಥಾಪಿಸಿದ ಡಾಕ್ಟರ್ ದೇವಿ ಶೆಟ್ಟಿಯವರು 2014ರಲ್ಲಿ ಗ್ರ್ಯಾಂಡ್ ಕೇಮನ್ ದ್ವೀಪದ ಮೂಡಣ ಭಾಗದಲ್ಲಿ ಒಂದು ಆಸ್ಪತ್ರೆಯನ್ನು ತೆರೆದರು. ಅದರ ಸಲುವಾಗಿ ಅಲ್ಲಿಯ ಸರಕಾರವು ವೈದ್ಯವೃತ್ತಿಯ ಕಾನೂನನ್ನು ತಿದ್ದಿ, ಭಾರತದ ಪದವಿಗಳಿಗೂ ಮಾನ್ಯತೆಯನ್ನು ಕೊಟ್ಟಿತು.

ಆದರೆ ಪದವಿಗೆ ಮಾನ್ಯತೆ ದೊರೆಯುವುದು ಬೇರೆ; ಆ ನೆಲದಲ್ಲಿ ದುಡಿಯಲು ರಹದಾರಿ ದೊರೆಯುವುದು ಬೇರೆ. ವೈದ್ಯರೂ ದಾದಿಯರೂ ಮೊದಲು ತಮ್ಮ ತಮ್ಮ ವೃತ್ತಿಮಂಡಲಿಯಲ್ಲಿ ಹೆಸರನ್ನು ದಾಖಲು ಮಾಡಿಸಿಕೊಳ್ಳತಕ್ಕದ್ದು. ಅನಂತರವೇ ರಹದಾರಿಯ ಮಾತು. ಅದಕ್ಕೆ ಅರ್ಜಿ ಹಾಕತಕ್ಕವನು ಕೆಲಸಗಾರನಲ್ಲ, ಕೆಲಸ ಕೊಡುವ ಯಜಮಾನ. ಅನೇಕರು ಮೋಸಹೋಗುವುದು ಇದನ್ನು ಅರಿಯದೆಯೇ. ಯಜಮಾನನು ಆ ಕೆಲಸ ಖಾಲಿಯಿದೆಯೆಂದು ಮೊದಲು ದ್ವೀಪದಲ್ಲಿಯೇ ಪ್ರಕಟಿಸಿ, ಯೋಗ್ಯರಾದ ಸ್ಥಳೀಯರು ಸಿಕ್ಕಲಿಲ್ಲವೆಂಬುದನ್ನು ಸರಕಾರಕ್ಕೆ ತೋರಿಸಬೇಕು. ದುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರನಾಡಿನವರಾಗಿರುವ ಆ ಸಣ್ಣ ನಾಡಿನವರಿಗೆ ತಮ್ಮ ಮಕ್ಕಳ ಜೀವನದ ಚಿಂತೆ ಇರುವುದು ನ್ಯಾಯವೇ ಅಲ್ಲವೆ?

ಕೇಮನ್ನಿನಲ್ಲಿ ವರಮಾನ ತೆರಿಗೆಯಿಲ್ಲ. ಆದಕಾರಣ ರಹದಾರಿಯ ಶುಲ್ಕವು ಸರಕಾರದ ಬೊಕ್ಕಸಕ್ಕೆ ಒಂದು ಮುಖ್ಯ ಆದಾಯವಾಗಿದೆ. ಮನೆಗೆಲಸದವರಿಗಿಂತ ವೈದ್ಯರಿಗೂ ವಕೀಲರಿಗೂ ಅದು ಎಷ್ಟೋ ಪಾಲು ಅಧಿಕ. ಈ ಶುಲ್ಕವನ್ನು ತೆರಬೇಕಾದವನು ಯಜಮಾನನೇ. ಕೆಲಸಗಾರನಿಂದ ಅದನ್ನು ವಸೂಲು ಮಾಡುವುದು ಅಲ್ಲಿಯ ಕಾನೂನಿನಂತೆ ಅಪರಾಧ. ಹೀಗಿರುವಾಗ, ಇಲ್ಲಿಯ ಯಾವನೋ ಮಧ್ಯವರ್ತಿ "ರಹದಾರಿಯ ಹಣ" ಎಂದು ಲಕ್ಷಗಟ್ಟಲೆ ಕೇಳಿದರೆ, ತಾಯಿಯ ಬಳೆಗಳನ್ನು ಅಡವಿಡುವ ಮೊದಲು ಅದು ಯಾತರ ಹಣವೆಂದು ವಿಚಾರಿಸಬೇಡವೆ? ನಮ್ಮ ದೇಶದ ನಿಯಮದಂತೆ, ನೋಂದಾಯಿತ ಏಜೆಂಟನು ತನ್ನ ಸೇವೆಗೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯನ್ನು ಮಾತ್ರ ತೆಗೆದುಕೊಳ್ಳಬಹುದು.

ಅಭ್ಯರ್ಥಿಯು ಒದಗಿಸಬೇಕಾದ ಕಾಗದಗಳು ಕೆಲವು: ಪೊಲೀಸರ ನಿರಾಕ್ಷೇಪಣಾ ಪತ್ರ, ವೈದ್ಯಪರೀಕ್ಷೆಯ ವರದಿ, ಪದವಿಪತ್ರಗಳು. ಇವುಗಳಲ್ಲಿ ಹೆಸರಿನ ಅಕ್ಷರಗಳು ಒಂದೇ ರೀತಿಯಾಗಿರಲಿ. ಪದವಿಪತ್ರದಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಎಂಬ ನಮ್ಮ ಪದ್ಧತಿಯು ಹೊರನಾಡಿನ ಗುಮಾಸ್ತನಿಗೆ ತಿಳಿಯದು.

ರಹದಾರಿಯು ಕೈಸೇರಿದರೂ, ಅದು ಹೇಳಿದ ಯಜಮಾನನಿಗೆ, ಹೇಳಿದ ಕೆಲಸಕ್ಕೆ ಮಾತ್ರ ಸಲ್ಲುವುದು. ಕೆಲಸ ಹೋದರೆ ಅಲ್ಲಿರುವ ಹಕ್ಕೂ ಅಲುಗಾಡುವುದು. 1845ರಲ್ಲಿ ಭಾರತದ ಕೂಲಿಗಳು ಪಕ್ಕದ ಜಮೈಕಾದ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದರು. ಚೀಟಿಯಿಲ್ಲದೆ ತೋಟವನ್ನು ಬಿಟ್ಟವರಿಗೆ ಆಗ ಶಿಕ್ಷೆಯಿತ್ತು. ಇಂದಿನ ದಾದಿಯ ಸ್ಥಿತಿಯನ್ನು ಅದಕ್ಕೆ ಹೋಲಿಸುವುದು ಸಲ್ಲದು. ಆಕೆ ಬೇಕೆಂದಾಗ ವಿಮಾನ ಹತ್ತಿ ಮನೆಗೆ ಬರಬಲ್ಲಳು. ಆದರೂ ಒಬ್ಬನೇ ಯಜಮಾನನಿಗೆ ಕಟ್ಟುಬಿದ್ದ ದುಡಿಮೆ ಎಂಬುದನ್ನು ಮರೆಯಲಾಗದು. ಆದುದರಿಂದ ಸಂಬಳ, ವಾಸ, ಹಿಂದಿರುಗುವ ಪ್ರಯಾಣ, ಕೆಲಸದಿಂದ ಬಿಡುಗಡೆಯ ಷರತ್ತು ಇವೆಲ್ಲವೂ ರುಜುವಾದ ಕರಾರಿನಲ್ಲಿರಬೇಕು.

ಸಂಗಡ ಹೋದ ಪತಿಯೋ ಪತ್ನಿಯೋ ದುಡಿಯಬೇಕೆಂದರೆ ಬೇರೆಯೇ ರಹದಾರಿ ಬೇಕು. ಎರಡು ಸಂಬಳದ ಲೆಕ್ಕ ಹಾಕಿ ಹೊರಟವರು ಒಂದರಲ್ಲಿ ಸಂಸಾರ ನಡೆಸಬೇಕಾದೀತು. ಇನ್ನು ಕಾಲದ ಮಿತಿ. ಹೊರನಾಡಿನವರು ಒಂದೇ ಸಮನೆ ಎಷ್ಟು ವರ್ಷ ದುಡಿಯಬಹುದೆಂಬುದಕ್ಕೆ ಮೊದಲು 7 ವರ್ಷಗಳ ಗಡಿಯಿತ್ತು. 2013ರಲ್ಲಿ ಅದನ್ನು 9 ವರ್ಷಗಳಿಗೆ ಏರಿಸಿದರು. 8 ವರ್ಷ ಕಳೆದವರು ಖಾಯಂ ವಾಸದ ಹಕ್ಕಿಗೆ ಅರ್ಜಿ ಹಾಕಬಹುದೆಂದೂ, ಅದು ದೊರೆಯದವರು ದ್ವೀಪವನ್ನು ಬಿಟ್ಟು ಕನಿಷ್ಠ 1 ವರ್ಷ ಹೊರಗಿರಬೇಕೆಂದೂ ಆ ತಿದ್ದುಪಡಿಯ ಏರ್ಪಾಡು. ಹೊರಡುವಾಗ 4 ವರ್ಷದ್ದಾಗಿದ್ದ ಮಗುವಿಗೆ ಆ ಹೊತ್ತಿಗೆ 13 ತುಂಬಿರುತ್ತದೆ. ಮುಂದಿನ ಓದು ಯಾವ ಊರಿನಲ್ಲಿ ಎಂಬುದನ್ನು ಗಂಡಹೆಂಡಿರು ಪ್ರಯಾಣದ ಟಿಕೀಟು ಕೊಳ್ಳುವ ಮೊದಲೇ ಕುಳಿತು ಮಾತಾಡಿಕೊಳ್ಳುವುದು ಲೇಸು.