ಮೊದಲು ಕೋಣೆ, ಆಮೇಲೆ ಮೈಕು, ಕೊನೆಗೆ ಪ್ರೀಆಂಪ್

ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ಶುರುಮಾಡಿದರು. ಮನೆಯ ಕೋಣೆಯಲ್ಲಿ ಆಡಿದ ಮಾತು ಊರಿಗೆಲ್ಲ ಕೇಳಬಹುದು ಎಂಬುದು ಕನ್ನಡ ನಾಡಿಗೆ ಆಗಲೇ ಗೊತ್ತಾಗಿತ್ತು. ಆಮೇಲೆ ಬಹುಕಾಲ ಆ ಕೆಲಸ ಆಕಾಶವಾಣಿಯ ಸ್ಟುಡಿಯೊಗಳ ಪಾಲಾಯಿತು. ಸಿನಿಮಾ ಹಾಡಿಗಾದರೆ ಮದ್ರಾಸಿಗೇ ಹೋಗಬೇಕಿತ್ತು. ಈಗ ಧ್ವನಿಮುದ್ರಣ ಮತ್ತೆ ಮನೆಗೆ ಮರಳಿದೆ. ಕಾದಂಬರಿಗಳನ್ನು ಆಡಿಯೊ ಪುಸ್ತಕಕ್ಕಾಗಿ ಓದುವವರು, ಭಾವಗೀತೆಗೆ ರಾಗ ಹಾಕಿ ಯೂಟ್ಯೂಬಿಗೆ ಏರಿಸುವವರು, ಪಾಡ್‌ಕಾಸ್ಟ್ ನಡೆಸುವವರು ತಮ್ಮ ತಮ್ಮ ಮಲಗುವ ಕೋಣೆಯಲ್ಲೇ ಕೆಲಸ ಮಾಡುತ್ತಿದ್ದಾರೆ. 2020ರಲ್ಲಿ ವರ್ಷದ ಆಲ್ಬಂ ಎಂದು ಗ್ರ್ಯಾಮಿ ಪಡೆದ ಬಿಲ್ಲಿ ಐಲಿಶ್ ಅವರ ಹಾಡುಗಳ ಬಹುಪಾಲು ಮುದ್ರಣವಾದದ್ದು ಲಾಸ್ ಏಂಜಲಿಸ್‌ನ ಮನೆಯೊಂದರಲ್ಲಿ, ಅವರ ಅಣ್ಣನ ಮಲಗುವ ಕೋಣೆಯಲ್ಲಿ.

ಈ ಹಾದಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ‘ಯಾವ ಮೈಕ್ ತಗೊಳ್ಳಲಿ?’ ಎಂದು. ಸ್ವಲ್ಪ ದಿನ ಕಳೆದ ಮೇಲೆ ‘ಒಳ್ಳೆಯ ಪ್ರೀಆಂಪ್ ಬೇಕಲ್ಲವೇ?’ ಎನ್ನುತ್ತಾರೆ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಕೈಯಲ್ಲಿರುವ ಹಣವನ್ನು ಖರ್ಚು ಮಾಡುವ ಕ್ರಮ ಬೇರೆಯಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ದುಡ್ಡು ಕೋಣೆಗೆ ಹೋಗಬೇಕು.

ನಮ್ಮ ಮನೆಗಳು ಸಿಮೆಂಟಿನ ಗೋಡೆಯವು, ನೆಲ ಟೈಲ್ಸ್ ಅಥವಾ ಗ್ರಾನೈಟ್. ಆಡಿದ ಮಾತು ಅಲ್ಲೆಲ್ಲ ಬಡಿದು ಮೈಕಿಗೆ ಹಿಂದಿರುಗುತ್ತದೆ. ‘ಬಚ್ಚಲಲ್ಲಿ ಕೂತು ಮಾತಾಡಿದ ಹಾಗಿದೆ’ ಎಂದು ಕೇಳುಗರು ಹೇಳುವುದು ಇದನ್ನೇ. ಎಷ್ಟು ದುಬಾರಿ ಮೈಕ್ ತಂದರೂ ಇದು ಹೋಗುವುದಿಲ್ಲ. ಸೂಕ್ಷ್ಮವಾದ ಮೈಕ್ ಆ ಪ್ರತಿಧ್ವನಿಯನ್ನು ಇನ್ನಷ್ಟು ಚೆನ್ನಾಗಿ ಹಿಡಿದುಕೊಡುತ್ತದೆ, ಅಷ್ಟೆ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವ ಪದ್ಧತಿಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಸದ್ದನ್ನು ಹೀರುವುದಕ್ಕೆ ದಪ್ಪವೂ ತೂಕವೂ ಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಇರುತ್ತದಲ್ಲ, ಅಂಥ ಎರಡು ಕೌದಿಗಳನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ತೂಗುಬಿಟ್ಟರೆ ಮಾತಿನ ಮುದ್ರಣಕ್ಕೆ ಬಹಳ ನೆರವಾಗುತ್ತದೆ. ತೂಗುಬಿಡುವ ಜಾಗವೂ ಮುಖ್ಯ. ಹೆಚ್ಚಿನ ಮೈಕುಗಳು ಕಾರ್ಡಿಯಾಯ್ಡ್ ಜಾತಿಯವು, ಎದುರಿನಿಂದ ಬಂದದ್ದನ್ನು ಚೆನ್ನಾಗಿ ಕೇಳಿಸಿಕೊಂಡು ಬೆನ್ನ ಹಿಂದಿನದನ್ನು ಕಡಿಮೆ ಕೇಳಿಸಿಕೊಳ್ಳುತ್ತವೆ. ಮೈಕಿಗೆ ಎದುರಾಗಿರುವುದು ಓದುವವರ ಮುಖ ಮತ್ತು ಅವರ ಬೆನ್ನ ಹಿಂದಿನ ಗೋಡೆ. ಹಾಗಾಗಿ ಕೌದಿ ಮೊದಲು ಬೀಳಬೇಕಾದದ್ದು ಓದುವವರ ಹಿಂದೆ. ಗಂಭೀರ ಸ್ವರದ ಗುಂಯ್‌ಗುಡುವಿಕೆ ಮಾತ್ರ ಬಟ್ಟೆಗೆ ಬಗ್ಗುವುದಿಲ್ಲ. 100 ಹರ್ಟ್ಸ್‌ನ ಅಲೆಯೊಂದರ ಉದ್ದ ಸುಮಾರು 3.4 ಮೀಟರ್. ಅದನ್ನು ತಡೆಯಲು ಮೂಲೆಗಳಲ್ಲಿ ನಾಲ್ಕಾರು ಇಂಚು ದಪ್ಪದ ರಾಕ್‌ವೂಲ್ ಎಂಬ ಖನಿಜ ನಾರಿನ ಹಾಸು ಬೇಕಾಗುತ್ತದೆ.

ಕೋಣೆ ಒಂದು ಹದಕ್ಕೆ ಬಂದ ಮೇಲೆ ಮೈಕಿನ ಮಾತು.

ಮನೆಯ ಮಟ್ಟಿಗೆ ಮುಖ್ಯವಾಗಿ ಎರಡು ಜಾತಿ. ಡೈನಾಮಿಕ್ ಮೈಕಿನಲ್ಲಿ ತೆಳುವಾದ ಪೊರೆಗೆ ಅಂಟಿಕೊಂಡ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸಭೆ ಸಮಾರಂಭಗಳಲ್ಲಿ ನಾವೆಲ್ಲ ಕಂಡಿರುವ ಶೂರ್ ಎಸ್‌ಎಂ58 ಈ ಜಾತಿಯದು, 1966ರಿಂದ ಮಾರುಕಟ್ಟೆಯಲ್ಲಿದೆ. ಕಂಡೆನ್ಸರ್ ಮೈಕಿನಲ್ಲಿ ಸುರುಳಿಯಿಲ್ಲ. ವಿದ್ಯುತ್ ಆವೇಶ ಹೊತ್ತ ಪೊರೆ ಮತ್ತು ಅದರ ಹಿಂದಿನ ತಟ್ಟೆಯ ನಡುವಿನ ಅಂತರ ಹೆಚ್ಚುಕಡಿಮೆಯಾಗುವುದೇ ಅಲ್ಲಿ ಸಂಕೇತವಾಗುತ್ತದೆ. 1916ರಲ್ಲಿ ಅಮೆರಿಕದ ಇ.ಸಿ. ವೆಂಟೆ ಇದನ್ನು ರೂಪಿಸಿದರು. ಸ್ಟುಡಿಯೊಗಳ ಕಣ್ಮಣಿಯಾದ ನಾಯ್‌ಮನ್ ಯು 87 ಬಂದದ್ದು 1967ರಲ್ಲಿ, ಇಂದಿಗೂ ಅದರ ಬೆಲೆ ಲಕ್ಷಗಳಲ್ಲಿದೆ. ಕಂಡೆನ್ಸರ್ ಮೈಕಿಗೆ ಹೊರಗಿನಿಂದ ವಿದ್ಯುತ್ ಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್‌ಗಳ ಮೇಲೆ ‘48ವಿ’ ಎಂದು ಬರೆದ ಗುಂಡಿ ಅದಕ್ಕಾಗಿಯೇ ಇರುವುದು. ಆ ಅಂಕಿಯ ಹಿಂದೆ ಒಂದು ಕಥೆಯಿದೆ. 1966ರಲ್ಲಿ ನಾರ್ವೆಯ ಬಾನುಲಿ ಸಂಸ್ಥೆಗೆ ನಾಯ್‌ಮನ್ ಕಂಪನಿ ಹೊಸ ಮೈಕುಗಳನ್ನು ಒದಗಿಸಬೇಕಾಗಿ ಬಂದಾಗ, ಆ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ವಿದ್ಯುತ್ ಮೊದಲೇ ಇತ್ತು. ಅದನ್ನೇ ಬಳಸಿಕೊಂಡರು. ಚಳಿಗಾಲದಲ್ಲಿ ಸೂರ್ಯನೇ ಅಪರೂಪವಾಗುವ ನಾಡಿನ ದೀಪದ ವ್ಯವಸ್ಥೆ ಇವತ್ತು ಹುಬ್ಬಳ್ಳಿಯ ಕೋಣೆಯೊಂದರ ಮೈಕಿಗೂ ಅಳತೆಗೋಲಾಗಿದೆ.

ಯಾವುದನ್ನು ಕೊಳ್ಳಬೇಕು? ಪಕ್ಕದ ರಸ್ತೆಯ ಹಾರ್ನು, ಮೇಲಿನ ಮನೆಯ ಮಿಕ್ಸಿ ತಪ್ಪಿಸಲಾಗದ ಜಾಗದಲ್ಲಿ ಮಾತು ಮುದ್ರಿಸುವವರಿಗೆ ಡೈನಾಮಿಕ್ಕೇ ಸರಿ. ಬಾಯಿಗೆ ನಾಲ್ಕು ಬೆರಳು ದೂರದಲ್ಲಿಟ್ಟುಕೊಂಡು ಮಾತಾಡಿದರೆ ದನಿ ದೊಡ್ಡದಾಗಿ ಕೋಣೆ ಹಿಂದೆ ಸರಿಯುತ್ತದೆ. ಅದನ್ನು ಅಗ್ಗದ ಆಯ್ಕೆ ಎಂದು ಕೀಳಾಗಿ ಕಾಣಬೇಕಾಗಿಲ್ಲ. ಮೈಕಲ್ ಜಾಕ್ಸನ್‌ರ ‘ಥ್ರಿಲ್ಲರ್’ ಆಲ್ಬಂನ ಗಾಯನವನ್ನು ಬ್ರೂಸ್ ಸ್ವೀಡಿಯನ್ ಮುದ್ರಿಸಿದ್ದು ಶೂರ್ ಎಸ್‌ಎಂ7 ಎಂಬ ಡೈನಾಮಿಕ್ ಮೈಕಿನಲ್ಲಿ. ಯಕ್ಷಗಾನದ ಚಂಡೆಗೂ ಡೈನಾಮಿಕ್ ಒಗ್ಗುತ್ತದೆ. ಚಿಕ್ಕ ಕೋಣೆಯಲ್ಲಿ ಚಂಡೆಯ ಪೆಟ್ಟಿಗೆ ಸೂಕ್ಷ್ಮ ಕಂಡೆನ್ಸರಿನ ಸಂಕೇತ ಮಿತಿಮೀರಿ ಇಂಟರ್‌ಫೇಸ್‌ನ ಕೆಂಪು ದೀಪ ಹತ್ತಿಸಿಬಿಡಬಹುದು. ವೀಣೆ ಮತ್ತು ತಂಬೂರಿಯ ಕಥೆ ಬೇರೆ. ಮೀಟಿದ ಮೇಲೆ ನಿಧಾನಕ್ಕೆ ಕರಗುವ ನಾದದ ಬಾಲವೇ ಅವುಗಳ ಜೀವ, ಅದನ್ನು ಕೊನೆಯವರೆಗೂ ಹಿಡಿಯುವುದು ಕಂಡೆನ್ಸರ್. ಅದಕ್ಕೆ ನಿಶ್ಶಬ್ದ ಬೇಕು, ಅಂದರೆ ರಾತ್ರಿ ಹೊತ್ತು, ಫ್ಯಾನು ಆರಿಸಿ.

ಕನ್ನಡ ಓದುವವರಿಗೆ ಇನ್ನೊಂದು ಕಷ್ಟವಿದೆ. ಪ, ಫ, ಬ, ಭ ಬಂದಾಗ ಬಾಯಿಂದ ಹೊರಡುವ ಗಾಳಿ ಪೊರೆಗೆ ಬಡಿದು ‘ಧಬ್’ ಎನ್ನುತ್ತದೆ. ಮಹಾಪ್ರಾಣಗಳನ್ನು ಸ್ಪಷ್ಟವಾಗಿ ಉಚ್ಚರಿಸುವ ಒಳ್ಳೆಯ ಓದುಗರಿಗೇ ಈ ತೊಂದರೆ ಜಾಸ್ತಿ. ಅದಕ್ಕೆಂದು ಉಚ್ಚಾರವನ್ನು ಮೆತ್ತಗೆ ಮಾಡಿಕೊಳ್ಳುವುದು ಬೇಡ. ಮೈಕನ್ನು ಬಾಯಿಯ ನೇರದಿಂದ ತುಸು ಪಕ್ಕಕ್ಕೆ ಸರಿಸಿ, ಅದರ ಮುಖ ಮಾತ್ರ ಬಾಯಿಯ ಕಡೆಗೇ ಇರುವಂತೆ ಓರೆಯಾಗಿ ತಿರುಗಿಸಿದರೆ ಗಾಳಿ ಪಕ್ಕದಲ್ಲಿ ಹಾದುಹೋಗುತ್ತದೆ. ಜತೆಗೆ ಪಾಪ್ ಫಿಲ್ಟರ್ ಇರಲಿ. ಕಸೂತಿ ಹಾಕುವ ಬಳೆಗೆ ತೆಳುವಾದ ನೈಲಾನ್ ಬಟ್ಟೆ ಬಿಗಿದರೂ ಆ ಕೆಲಸ ಆಗುತ್ತದೆ. ಸ, ಶ, ಷ ಚುಚ್ಚುತ್ತಿದ್ದರೆ ಆ ಮೈಕಿನ ಮೇಲುಸ್ಥಾಯಿಯ ಹೊಳಪು ನಿಮ್ಮ ದನಿಗೆ ಹೊಂದುತ್ತಿಲ್ಲವೆಂದು ತಿಳಿಯಬೇಕು. ಅಗ್ಗದ ಕಂಡೆನ್ಸರುಗಳಲ್ಲಿ ಈ ಹೊಳಪು ಅತಿಯಾಗಿರುವುದುಂಟು.

ಕರಾವಳಿ ಮತ್ತು ಮಲೆನಾಡಿನವರು ಇದೊಂದನ್ನು ಮರೆಯಬಾರದು. ಮಳೆಗಾಲದ ತೇವ ಒಳಹೊಕ್ಕರೆ ಕಂಡೆನ್ಸರ್ ಚಟಪಟ ಎನ್ನತೊಡಗುತ್ತದೆ. ಕೆಲಸ ಮುಗಿದ ಕೂಡಲೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಎತ್ತಿಡಬೇಕು.

ಇನ್ನು ಪ್ರೀಆಂಪ್. ಮೈಕಿನಿಂದ ಬರುವ ಸಂಕೇತ ಬಹಳ ಸಣ್ಣದು. ಅದನ್ನು ಕೆಲಸಕ್ಕೆ ಬರುವ ಮಟ್ಟಕ್ಕೆ ಹಿಗ್ಗಿಸುವುದು ಪ್ರೀಆಂಪ್. ಆಡಿಯೊ ಇಂಟರ್‌ಫೇಸ್‌ನೊಳಗೆ ಅದು ಇದ್ದೇ ಇರುತ್ತದೆ. ಬೇರೆ ಪ್ರೀಆಂಪ್ ಬೇಕೇ ಎನ್ನುವುದನ್ನು ಲೆಕ್ಕ ಹಾಕಿಯೇ ನೋಡಬಹುದು. 94 ಡೆಸಿಬಲ್‌ನ ಒಂದೇ ಸದ್ದಿಗೆ ಶೂರ್ ಎಸ್‌ಎಂ7ಬಿ ಎಂಬ ಡೈನಾಮಿಕ್ ಮೈಕ್ ಸುಮಾರು 1.1 ಮಿಲಿವೋಲ್ಟ್ ಕೊಟ್ಟರೆ ರೋಡ್ ಎನ್‌ಟಿ1-ಎ ಎಂಬ ಕಂಡೆನ್ಸರ್ ಸುಮಾರು 25 ಮಿಲಿವೋಲ್ಟ್ ಕೊಡುತ್ತದೆ. ವ್ಯತ್ಯಾಸ 27 ಡೆಸಿಬಲ್. ಅಂದರೆ ಕಂಡೆನ್ಸರ್ ಇಟ್ಟುಕೊಂಡವರಿಗೆ ಸಾಧಾರಣ ಇಂಟರ್‌ಫೇಸ್‌ನ ಗೇನ್ (ಹಿಗ್ಗಿಸುವ ಶಕ್ತಿ) ಧಾರಾಳವಾಯಿತು. ಎಸ್‌ಎಂ7ಬಿಗೆ 60 ಡೆಸಿಬಲ್‌ನಷ್ಟು ಗೇನ್ ಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2ರ ಮೂರನೆಯ ಪೀಳಿಗೆ ಕೊಡುತ್ತಿದ್ದದ್ದು 56, ನಾಲ್ಕನೆಯದು 69. ಹಳೆಯದನ್ನು ಇಟ್ಟುಕೊಂಡವರು ಮೈಕಿಗೂ ಇಂಟರ್‌ಫೇಸ್‌ಗೂ ನಡುವೆ ಕ್ಲೌಡ್‌ಲಿಫ್ಟರ್‌ನಂಥ ಪುಟ್ಟ ಪೆಟ್ಟಿಗೆ ಸೇರಿಸಿದರೆ 25 ಡೆಸಿಬಲ್ ಸಿಗುತ್ತದೆ. ಹೊಸದಿರುವವರಿಗೆ ಅದು ಬೇಕಾಗಿಲ್ಲ. ಬಾಯಿ ಮತ್ತು ಮೈಕಿನ ನಡುವಿನ ದೂರವನ್ನು ಅರ್ಧಕ್ಕಿಳಿಸಿದರೆ 6 ಡೆಸಿಬಲ್ ಪುಕ್ಕಟೆಯಾಗಿ ಬರುತ್ತದೆ ಎಂಬುದನ್ನೂ ನೆನಪಿಡಬೇಕು.

‘ಸುಯ್’ ಎನ್ನುವ ಹಿನ್ನೆಲೆಯ ಸದ್ದಿಗೆ ಹೆದರುವವರಿಗೆ ಒಂದು ಸಮಾಧಾನ. 150 ಓಮ್‌ನ ಮೈಕಿನಲ್ಲಿ ಉಷ್ಣತೆಯಿಂದಲೇ ಹುಟ್ಟುವ ಸದ್ದು ಸುಮಾರು ಮೈನಸ್ 131 ಡಿಬಿಯು (ವಿದ್ಯುತ್ ಸಂಕೇತದ ಡೆಸಿಬಲ್ ಅಳತೆ). ಯಾರೂ ಅದಕ್ಕಿಂತ ಕೆಳಗಿಳಿಸಲಾರರು. ಇಂದಿನ ಒಳ್ಳೆಯ ಇಂಟರ್‌ಫೇಸ್‌ಗಳು ಮೈನಸ್ 128ರ ಹತ್ತಿರವಿವೆ. ಲಕ್ಷ ರೂಪಾಯಿ ಸುರಿದರೂ ನಿಶ್ಶಬ್ದದಲ್ಲಿ ಗಳಿಸಲು ಉಳಿದಿರುವುದು ಆ ಮೂರು ಡೆಸಿಬಲ್ ಮಾತ್ರ. ಅಷ್ಟರಲ್ಲಿ ಕೋಣೆಯ ಫ್ಯಾನು ಅದನ್ನು ನುಂಗಿರುತ್ತದೆ.

ಹಾಗಾದರೆ ನೀವ್ 1073ರಂಥ ಪ್ರೀಆಂಪಿಗೆ ಜನ ಏಕೆ ಮುಗಿಬೀಳುತ್ತಾರೆ? ರೂಪರ್ಟ್ ನೀವ್ 1970ರಲ್ಲಿ ಲಂಡನ್ನಿನ ವೆಸೆಕ್ಸ್ ಸ್ಟುಡಿಯೊಗಾಗಿ ಅದನ್ನು ರೂಪಿಸಿದರು. ಅದರೊಳಗಿನ ಟ್ರಾನ್ಸ್‌ಫಾರ್ಮರುಗಳು ದನಿಗೆ ಸೂಕ್ಷ್ಮವಾದ ಉಪಸ್ವರಗಳನ್ನು ಬೆರೆಸಿ ಅದು ತುಂಬಿಕೊಂಡಂತೆ ಕೇಳಿಸುವ ಹಾಗೆ ಮಾಡುತ್ತವೆ. ಅದೊಂದು ಬಣ್ಣ, ಹಾಡುಗಾರರಿಗೆ ಬೇಕಾದೀತು. ಇದೇ ನೀವ್ 1985ರಲ್ಲಿ ಫೋಕಸ್‌ರೈಟ್ ಕಟ್ಟಿದರು. ಬೀಟಲ್ಸ್‌ನ ನಿರ್ಮಾಪಕ ಜಾರ್ಜ್ ಮಾರ್ಟಿನ್‌ರ ಏರ್ ಸ್ಟುಡಿಯೊಗಾಗಿ ರೂಪಿಸಿದ ಪ್ರೀಆಂಪ್‌ನಿಂದ ಶುರುವಾದ ಆ ಕಂಪನಿ ಮುಂದೆ ಬೇರೆಯವರ ಕೈ ಸೇರಿತು. ವಿದ್ಯಾರ್ಥಿಗಳ ಮೇಜಿನ ಮೇಲೆ ಕಾಣುವ ಕೆಂಪು ಸ್ಕಾರ್ಲೆಟ್ ಪೆಟ್ಟಿಗೆ ಅದರದೇ. ಬಣ್ಣ ಬೇಕೆನಿಸುವ ದಿನ ಬೇರೆ ಪ್ರೀಆಂಪ್ ಕೊಳ್ಳಿ. ಸ್ವಚ್ಛತೆಗಾಗಿ ಕೊಳ್ಳುವ ಅಗತ್ಯ ಈಗಿಲ್ಲ.

ಪ್ರೀಆಂಪ್‌ನ ಮೇಲೆ ಹೊರಿಸುವ ದೂರುಗಳಲ್ಲಿ ಎಷ್ಟೋ ಮನೆಯ ವೈರಿಂಗಿನವು. ಅರ್ತಿಂಗ್ ಸರಿಯಿಲ್ಲದ ಕಡೆ 50 ಹರ್ಟ್ಸ್‌ನ ‘ಗುಂಯ್’ ನುಸುಳುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಮುದ್ರಿಸಿ ನೋಡಿ. ಸದ್ದು ಹೋದರೆ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ, ಅಂಗಡಿಗೆ ಓಡಬೇಡಿ.

ಅಂಗಡಿಗೆ ಹೋಗುವಾಗ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಪುಟ ಗದ್ಯ, ಹಾಡುವವರಾದರೆ ಒಂದು ಪಲ್ಲವಿ ಜತೆಗಿರಲಿ. ಹೋಲಿಸಬೇಕೆಂದಿರುವ ಎರಡು ಮೈಕುಗಳಲ್ಲೂ ಒಂದೇ ದೂರದಿಂದ ಅದನ್ನೇ ಮುದ್ರಿಸಿ. ಕೇಳುವ ಮೊದಲು ಎರಡರ ಮಟ್ಟವನ್ನೂ ಸಮಮಾಡಿಕೊಳ್ಳಿ, ಏಕೆಂದರೆ ಒಂದು ಡೆಸಿಬಲ್ ಜೋರಾಗಿರುವುದೇ ಕಿವಿಗೆ ಚೆಂದ ಕಾಣುತ್ತದೆ. ಯಾವುದು ಯಾವ ಮೈಕಿನದೆಂದು ಹೇಳದೆ ಇನ್ನೊಬ್ಬರು ನಿಮಗೆ ಕೇಳಿಸಲಿ. ಪೆಟ್ಟಿಗೆಯ ಮೇಲಿನ ಹೆಸರನ್ನೂ ಬೆಲೆಯನ್ನೂ ಆಮೇಲೆ ನೋಡಿದರಾಯಿತು.